ಪೇಟಿ ಮಾಸ್ತರರ ಪಕ್ಕದ ಜಾಗ

ಸಿನಿಮಾಕ್ಕೆ ಸಂಗೀತ ಮಾಡಬೇಕೆಂಬ ಆಸೆಯ ಹುಡುಗ ಹುಡುಗಿಯರು ಈಗ ಕಾರಟಗಿಯಂಥ ಊರಲ್ಲೂ ಸಿಗುತ್ತಾರೆ. ಒಂದು ಲ್ಯಾಪ್‌ಟಾಪು, ಸಣ್ಣದೊಂದು ಕೀಬೋರ್ಡು, ಕಿವಿಗೆ ಹೆಡ್‌ಫೋನು ಇದ್ದರೆ ಮಾಳಿಗೆಯ ಕೋಣೆಯೇ ಸ್ಟುಡಿಯೋ ಆಗುವ ಕಾಲವಿದು. ಆದರೂ ಅವರು ಮೊದಲು ಕೇಳುವುದು ಒಂದನ್ನೇ: ಕಲಿಯಲು ಬೆಂಗಳೂರಿಗೆ ಹೋಗಬೇಕೋ, ಚೆನ್ನೈಗೋ? ಹೋಗುವುದಿದ್ದರೆ ಹೋಗಿ. ಅದಕ್ಕೂ ಮೊದಲು, ಜಾತ್ರೆಗಳು ಶುರುವಾದಾಗ ಸುತ್ತಲಿನ ಯಾವುದಾದರೂ ಹಳ್ಳಿಯ ನಾಟಕದ ತಾಲೀಮಿಗೆ ಹೋಗಿ ಪೇಟಿ ಮಾಸ್ತರರ ಪಕ್ಕ ಕೂಡಿ. ಚಿತ್ರಸಂಗೀತದ ಮೊದಲ ಪಾಠ ಅಲ್ಲಿದೆ.

ಮಾಸ್ತರರ ಕೈ ಪೇಟಿಯ ಮೇಲಿದ್ದರೂ ಕಣ್ಣು ರಂಗದ ಮೇಲಿರುತ್ತದೆ. ಪಾತ್ರ ಒಳಗೆ ಕಾಲಿಡುವ ಮೊದಲೇ ಬರುತ್ತಿರುವವನು ಎಂಥವನೆಂದು ನಾಲ್ಕು ಸ್ವರದಲ್ಲಿ ಹೇಳಿಬಿಡುತ್ತಾರೆ. ನಟ ಮಾತು ಮರೆತರೆ, ಅದು ಅವನಿಗೆ ನೆನಪಾಗುವವರೆಗೆ ಆ ಸ್ವರಗಳನ್ನೇ ತಿರುತಿರುಗಿಸಿ ಹೊತ್ತು ತುಂಬುತ್ತಾರೆ. ನಟಿಯ ಗಂಟಲು ಕಟ್ಟಿದ್ದರೆ ಶ್ರುತಿ ಇಳಿಸಿ ನುಡಿಸುತ್ತಾರೆ. ತಾಯಿ ಅಳುತ್ತ ಮಾತಾಡುವಾಗ ಪೇಟಿಯ ದನಿ ತಗ್ಗುತ್ತದೆ. ಅವಳ ಮಾತು ಮುಗಿದ ಕೂಡಲೇ ಎದ್ದು ಬರುತ್ತದೆ. ಈ ವಿದ್ಯೆಗೆ ನಮ್ಮ ಕಡೆ ಸಾಥ್ ಎನ್ನುತ್ತಾರೆ. ತೆರೆಯ ಮೇಲಿನ ಚಿತ್ರಕ್ಕೆ ಸಾಥ್ ಕೊಡುವವರೇ ಸಂಗೀತ ನಿರ್ದೇಶಕರು. ಚಂದದ ಟ್ಯೂನ್ ಹಾಕಬಲ್ಲವರು ಬಹಳ ಮಂದಿ. ಸಾಥ್ ಬಲ್ಲವರು ಕಡಿಮೆ.

ನಮ್ಮ ಚಿತ್ರಸಂಗೀತದ ಹಿರಿಯರಲ್ಲಿ ಅನೇಕರು ಬಂದದ್ದು ಈ ದಾರಿಯಲ್ಲೇ. ರಾಜನ್–ನಾಗೇಂದ್ರ ಸೋದರರ ತಂದೆ ರಾಜಪ್ಪನವರು ಮೂಕಿ ಚಿತ್ರಗಳಿಗೆ ಹಾರ್ಮೋನಿಯಂ, ಕೊಳಲು ನುಡಿಸಿದವರು. ಬಿ.ವಿ. ಕಾರಂತರು ಹುಡುಗರಾಗಿದ್ದಾಗಲೇ ಗುಬ್ಬಿ ಕಂಪನಿ ಸೇರಿ ನಾಟಕದ ಸಂಗೀತದಲ್ಲಿ ಬೆಳೆದರು. ಆಮೇಲೆ ಕಾಶಿಯಲ್ಲಿ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಕಲಿತರು. ‘ಋಷ್ಯಶೃಂಗ’ ಮತ್ತು ‘ಘಟಶ್ರಾದ್ಧ’ ಚಿತ್ರಗಳ ಸಂಗೀತಕ್ಕೆ ಎರಡು ವರ್ಷ ಬೆನ್ನುಬೆನ್ನಿಗೆ ರಾಷ್ಟ್ರಪ್ರಶಸ್ತಿ ಪಡೆದರು. ‘ಸಂಧ್ಯಾರಾಗ’ದಲ್ಲಿ ಭೀಮಸೇನ ಜೋಶಿ ಮತ್ತು ಬಾಲಮುರಳಿಕೃಷ್ಣ ಇಬ್ಬರಿಂದಲೂ ಹಾಡಿಸಿದ ಜಿ.ಕೆ. ವೆಂಕಟೇಶ್ ಅವರ ವಾದ್ಯವೃಂದದಲ್ಲಿ ಗಿಟಾರ್ ಹಿಡಿದು ಕೂತು, ಅವರಿಗೆ ಸಹಾಯಕರಾಗಿ ದುಡಿದವರು ಇಳಯರಾಜ. 1976ರಲ್ಲಿ ‘ಅನ್ನಕ್ಕಿಳಿ’ಯಿಂದ ಸ್ವತಂತ್ರರಾಗುವ ಹೊತ್ತಿಗೆ ಅವರು ಕನ್ನಡ ಚಿತ್ರಗಳ ಕೆಲಸದಲ್ಲಿ ಪಳಗಿದ್ದರು. ಇನ್ನೊಬ್ಬರ ಸಂಗೀತಕ್ಕೆ ಹೆಗಲು ಕೊಡುವುದು ಕಲಿಕೆಯ ನಡುಮನೆ.

ಕಾರಟಗಿಯವರಿಗೆ ಹತ್ತಿರದ ಉದಾಹರಣೆ ಗದಗಿನ ವೀರೇಶ್ವರ ಪುಣ್ಯಾಶ್ರಮ. ಕಣ್ಣು ಕಾಣದ ಮಕ್ಕಳಿಗೆ ರಾಗ ಕಲಿಸಿದ ಆ ಆಶ್ರಮ ನಾಟಕ ಕಂಪನಿಯನ್ನೂ ನಡೆಸಿತು. ಅದನ್ನು ಕಟ್ಟಿದ ಗವಾಯಿಗಳ ಬದುಕು 1995ರಲ್ಲಿ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಚಿತ್ರವಾಯಿತು. ನಿರ್ದೇಶಿಸಿದವರು ಕಂಪನಿ ನಾಟಕದ ಮನೆತನದ ಚಿಂದೋಡಿ ಬಂಗಾರೇಶ್, ಸಂಗೀತ ಹಂಸಲೇಖ. 1987ರ ‘ಪ್ರೇಮಲೋಕ’ದಿಂದ ಮನೆಮಾತಾಗಿದ್ದ ಹಂಸಲೇಖ ಇಲ್ಲಿ ತಮ್ಮ ಗುರುತನ್ನು ಬದಿಗಿಟ್ಟು ಗವಾಯಿಗಳ ಹಿಂದೂಸ್ತಾನಿ ಲೋಕಕ್ಕೆ ಸಾಥ್ ಕೊಟ್ಟರು. ಆ ಚಿತ್ರ ಅವರಿಗೂ, ಹಾಡಿದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ತಂದಿತು. ಕಲಿಯುವವರು ಈ ಎರಡೂ ಚಿತ್ರಗಳನ್ನು ಒಂದರ ಹಿಂದೊಂದು ಕೇಳಬೇಕು. ಒಬ್ಬರೇ ಸಂಗೀತಗಾರ ಕಥೆಗೆ ತಕ್ಕಂತೆ ಎಷ್ಟು ದೂರ ನಡೆಯಬಲ್ಲರೆಂದು ಆಗ ತಿಳಿಯುತ್ತದೆ.

ಇನ್ನು ಲೆಕ್ಕ. ಸಿನಿಮಾ ಸೆಕೆಂಡಿಗೆ 24 ಫ್ರೇಮುಗಳಲ್ಲಿ ಓಡುತ್ತದೆ. ಎಡದಂಡೆ ನಾಲೆಯ ಏರಿ ಮೇಲೆ ಹೆಣ್ಣುಮಗಳೊಬ್ಬಳು ನಡೆದು ಬರುವ 5 ಸೆಕೆಂಡಿನ ದೃಶ್ಯವಿದೆ ಎಂದುಕೊಳ್ಳಿ; ಅದರಲ್ಲಿ 120 ಫ್ರೇಮು. ನಿಮಿಷಕ್ಕೆ 72 ಮಾತ್ರೆಯ ಲಯದಲ್ಲಿ ದಾದ್ರಾ ಹಿಡಿದರೆ ಒಂದು ಮಾತ್ರೆಗೆ 20 ಫ್ರೇಮು, 6 ಮಾತ್ರೆಯ ಒಂದು ಆವರ್ತನ ಸರಿಯಾಗಿ ದೃಶ್ಯದ ಜೊತೆ ಮುಗಿಯುತ್ತದೆ. ನಿಮಿಷಕ್ಕೆ 96ರ ಲಯದಲ್ಲಿ ಕೆಹರ್ವಾ ಹಿಡಿದರೆ ಮಾತ್ರೆಗೆ 15 ಫ್ರೇಮು, 8 ಮಾತ್ರೆಯ ಆವರ್ತನವೂ ಅಲ್ಲಿಗೇ ಬಂದು ನಿಲ್ಲುತ್ತದೆ. ಹಾಗಾದರೆ ಯಾವುದನ್ನು ಹಿಡಿಯಬೇಕು? ಅವಳು ನಡುವೆ, 61ನೇ ಫ್ರೇಮಿನಲ್ಲಿ ತಿರುಗಿ ನೋಡಿದರೆ ಎರಡರಲ್ಲೂ ಖಾಲಿ, ಅಂದರೆ ತಾಳದ ಪೆಟ್ಟಿಲ್ಲದ ಮಾತ್ರೆ, ಅಲ್ಲೇ ಬೀಳುತ್ತದೆ. 41ನೇ ಫ್ರೇಮಿಗೇ ತಿರುಗಿದರೆ ದಾದ್ರಾದ ಮೂರನೇ ಮಾತ್ರೆ ಅವಳ ನೋಟವನ್ನು ಹಿಡಿಯುತ್ತದೆ. ಕೆಹರ್ವಾದಲ್ಲಿ ಆ ನೋಟ ಎರಡು ಮಾತ್ರೆಗಳ ನಡುವೆ ಜಾರುತ್ತದೆ. ತಾಳವನ್ನು ಆರಿಸುವುದು ಅವಳ ಕತ್ತು. ಪೇಟಿ ಮಾಸ್ತರರು ಫ್ರೇಮು ಎಣಿಸದೆ ಕಣ್ಣಿನಲ್ಲೇ ಮಾಡುವ ಕೆಲಸ ಇದು.

ಮೊಬೈಲಿನಲ್ಲಿ ಅಂಥದೊಂದು ದೃಶ್ಯ ಹಿಡಿದು ಅದಕ್ಕೆ ಮೂರು ಬಗೆಯಾಗಿ ಸಂಗೀತ ಮಾಡಿ ನೋಡಿ: ಒಮ್ಮೆ ಅವಳ ಹೆಜ್ಜೆಗೆ, ಒಮ್ಮೆ ಅವಳ ಮನಸ್ಸಿಗೆ, ಒಮ್ಮೆ ನಾಲೆಯ ನೀರಿಗೆ. ತಯಾರು ಲೂಪುಗಳನ್ನು ಜೋಡಿಸುವುದು ಬೇಗ ಮುಗಿಯುವ ಕೆಲಸ, ಆದರೆ ಲೂಪಿಗೆ ಚಿತ್ರ ಕಾಣುವುದಿಲ್ಲ. ಊರು ಸಣ್ಣದೆಂಬ ಅಳುಕೂ ಬೇಡ. ‘ಕೆಜಿಎಫ್’ ಚಿತ್ರಗಳಿಗೆ ಸಂಗೀತ ಮಾಡಿದ ರವಿ ಬಸ್ರೂರು ಕುಂದಾಪುರದ ಬಳಿಯ ತಮ್ಮೂರು ಬಸ್ರೂರಿನಲ್ಲೇ ಸ್ಟುಡಿಯೋ ಕಟ್ಟಿಕೊಂಡಿದ್ದಾರೆ.

ಹಳ್ಳಿಯ ನಾಟಕಗಳಲ್ಲಿ ಪೇಟಿಯ ಜಾಗಕ್ಕೆ ಕ್ಯಾಸಿಯೋ, ರಿದಂ ಪ್ಯಾಡು ಬರುತ್ತಿವೆ. ವಾದ್ಯ ಯಾವುದಾದರೂ ಇರಲಿ, ನಟನ ಮುಖ ನೋಡಿ ನುಡಿಸುವ ವಿದ್ಯೆ ಹೋಗಬಾರದು. ಆದ್ದರಿಂದ ನಾಟಕ ಆಡಿಸುವ ಹಿರಿಯರಲ್ಲಿ ನನ್ನದೊಂದು ಕೋರಿಕೆ: ಈ ಸಲ ತಾಲೀಮಿಗೆ ಕಲಿಯುವ ಹುಡುಗರು ಬಂದರೆ ಹೊರಗೆ ನಿಲ್ಲಿಸಬೇಡಿ, ಮಾಸ್ತರರ ಪಕ್ಕದಲ್ಲಿ ಜಾಗ ಕೊಡಿ.