ಒಂದು ವ್ಯಾಟ್ ಮಾಡ್ಯೂಲಿನ ಬಿಸಿ

ಡಿಆರ್‌ಎ818ವಿ ಮಾಡ್ಯೂಲನ್ನು ಹ್ಯಾಮ್ ರೇಡಿಯೊ ಹವ್ಯಾಸಿಗಳು ಮೆಚ್ಚಿಕೊಂಡದ್ದು ನ್ಯಾಯವಾಗಿಯೇ ಇದೆ. ನಾಲ್ಕು ಸೆಂಟಿಮೀಟರ್ ಉದ್ದವೂ ಇಲ್ಲದ ಹಲಗೆಯಲ್ಲಿ ಇಡೀ ವಿಎಚ್‌ಎಫ್ ರೇಡಿಯೊ ಅಡಗಿದೆ. ಆರ್ಡುಯಿನೊ ಮೈಕ್ರೊಕಂಟ್ರೋಲರಿಗೆ ಜೋಡಿಸಿ ಕೆಲವು ಆಜ್ಞೆ ಕಳಿಸಿದರೆ ಮಾತು ಹೊರಡುತ್ತದೆ. ನನ್ನ ತಕರಾರು ಅದನ್ನು ಬಿಸಿಯಿಂದ ಕಾಪಾಡುವ ರೂಢಿಯ ಬಗ್ಗೆ.

ಪೂರ್ಣ ಶಕ್ತಿಯಲ್ಲಿ ಅದು 4 ವೋಲ್ಟಿಗೆ ಸುಮಾರು 750 ಮಿಲಿಆಂಪಿಯರ್ ಎಳೆಯುತ್ತದೆ, ಅಂದರೆ 3 ವ್ಯಾಟ್. ಆಂಟೆನಾಗೆ ಹೋಗುವುದು 1 ವ್ಯಾಟ್; ಮಿಕ್ಕ 2 ವ್ಯಾಟ್ ಆ ಪುಟ್ಟ ಹಲಗೆಯಲ್ಲೇ ಶಾಖವಾಗುತ್ತದೆ. ಇದಕ್ಕೆ ಬಹಳ ಮಂದಿ ಮಾಡುವ ಉಪಾಯ ಒಂದೇ: ಪ್ರೋಗ್ರಾಮಿನಲ್ಲಿ ಟೈಮರ್ ಬರೆದು, ಇಂತಿಷ್ಟು ಹೊತ್ತಾದ ಮೇಲೆ ಪ್ರಸಾರ ನಿಲ್ಲಿಸುವುದು. ಟೈಮರ್ ಬೇಕೇ ಬೇಕು. ಆದರೆ ಪಿಟಿಟಿಯನ್ನು, ಅಂದರೆ ಮಾತಾಡಲು ಒತ್ತುವ ಗುಂಡಿಯನ್ನು, ಬಿಟ್ಟು ಮತ್ತೆ ಒತ್ತಿದ ಕೂಡಲೇ ಅದು ಸೊನ್ನೆಯಿಂದ ಎಣಿಸಲು ತೊಡಗುತ್ತದೆ, ಮಾಡ್ಯೂಲ್ ಮಾತ್ರ ಇನ್ನೂ ಆರಿರುವುದಿಲ್ಲ. ಅರ್ಧ ನಿಮಿಷ ಮಾತು, ಐದು ಸೆಕೆಂಡ್ ಬಿಡುವು, ಮತ್ತೆ ಅರ್ಧ ನಿಮಿಷ: ಟೈಮರ್ ಒಮ್ಮೆಯೂ ತಡೆಯದೆ ಬಿಸಿ ಏರುತ್ತಲೇ ಹೋಗುತ್ತದೆ. ಸಿಗ್ನಲನ್ನು ಮರುಪ್ರಸಾರ ಮಾಡುವ ರಿಪೀಟರ್‌ಗಳಲ್ಲಿ ಹಲವೆಡೆ ಇರುವ ಮೂರು ನಿಮಿಷದ ಮಿತಿಯನ್ನು ಇಲ್ಲಿಗೆ ಎರವಲು ತರುವುದಂತೂ ಸರಿಯಲ್ಲ. ಈ ಪುಟ್ಟ ಹಲಗೆಯ ಬಿಸಿಯನ್ನು ಲೆಕ್ಕ ಹಾಕಿ ಇಟ್ಟ ಮಿತಿಯಲ್ಲ ಅದು.

ಎತ್ತರಕ್ಕೆ ಹಾರುವ ಬಲೂನಿನಲ್ಲಿ ಈ ರೂಢಿಯ ಕೊರತೆ ಎದ್ದು ಕಾಣುತ್ತದೆ. ಹೊರಗೆ ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿ ಇರುವಾಗ ಬಿಸಿಯ ಭಯವೇಕೆ ಎನ್ನುವವರಿದ್ದಾರೆ. ಆದರೆ 30 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ನೆಲದಲ್ಲಿರುವುದರ ನೂರರಲ್ಲಿ ಒಂದು ಪಾಲು. ಶಾಖವನ್ನು ಒಯ್ಯುವಷ್ಟು ಗಾಳಿಯೇ ಅಲ್ಲಿಲ್ಲ, ಸಾಲದ್ದಕ್ಕೆ ಸುತ್ತ ಥರ್ಮೊಕೋಲ್ ಪೆಟ್ಟಿಗೆ. ತಾನಿರುವ ಜಾಗವನ್ನು ಆಗಾಗ ಒಂದೇ ಸೆಕೆಂಡಿನಲ್ಲಿ ಕೂಗಿ ಸುಮ್ಮನಾಗುವ ಎಪಿಆರ್‌ಎಸ್ ಟ್ರ್ಯಾಕರ್ ಅಲ್ಲಿ ಬದುಕುತ್ತದೆ. ನಿರಂತರ ಧ್ವನಿ ಕಳಿಸಹೊರಟದ್ದು ಬದುಕುವುದು ಕಷ್ಟ.

ಇನ್ನೊಂದು ಅಪಾಯವಿದೆ. ಈ ಮಾಡ್ಯೂಲಿನಲ್ಲಿ ಪಿಟಿಟಿ ಪಿನ್ ಸೊನ್ನೆಗಿಳಿದರೆ ಪ್ರಸಾರ ಶುರು. ಆ ಹೊತ್ತಿನಲ್ಲಿ ಪ್ರೋಗ್ರಾಮ್ ಸ್ತಬ್ಧವಾದರೆ ಅದರೊಳಗಿನ ಟೈಮರೂ ಸ್ತಬ್ಧ. ಆಗ ಮಾಡ್ಯೂಲ್ ಸುಡುವುದಷ್ಟೇ ಅಲ್ಲ, ಚಾನೆಲ್ ಕೂಡ ಎಲ್ಲರ ಪಾಲಿಗೂ ಮುಚ್ಚಿಹೋಗುತ್ತದೆ. ಹಾಗಾಗಿ ಪಿಟಿಟಿಯನ್ನು ಕಡಿಯುವ ಬೇರೊಂದು ಟೈಮರ್ ಸರ್ಕ್ಯೂಟ್ ಪ್ರೊಸೆಸರಿನ ಹೊರಗೇ ಇರಬೇಕು. ಅದರ ಜೊತೆಗೆ ಮಾಡ್ಯೂಲಿನ ಲೋಹಕ್ಕೆ ತಾಗಿದ, ಬಿಸಿ ಅಳೆಯುವ ಥರ್ಮಿಸ್ಟರ್ ಇದ್ದರೆ, ಬಿಸಿ ಏರಿದಾಗ ಶಕ್ತಿಯನ್ನು 0.5 ವ್ಯಾಟಿಗೆ ಇಳಿಸಬಹುದು. ನಷ್ಟ ಬರೀ 3 ಡೆಸಿಬೆಲ್. ಸಿಗ್ನಲ್ ಚೆನ್ನಾಗಿದ್ದರೆ ಕೇಳುವವರಿಗೆ ಗೊತ್ತೇ ಆಗದು.

ಪರೀಕ್ಷೆಯ ಕ್ರಮವೂ ಬದಲಾಗಬೇಕು. ಮೇಜಿನ ಮೇಲೆ, ಫ್ಯಾನಿನ ಕೆಳಗೆ ತೆರೆದಿಟ್ಟು ನೋಡಿದ್ದು ಲೆಕ್ಕಕ್ಕಿಲ್ಲ. ಆಂಟೆನಾ ಬದಲಿಗೆ ಡಮ್ಮಿ ಲೋಡ್ ಕಟ್ಟಿ, ಡಬ್ಬಿಯ ಮುಚ್ಚಳ ಹಾಕಿ, ಬಿಸಿ ಏರುವುದು ನಿಲ್ಲುವ ತನಕ ಕಾದು ಅಳೆಯಬೇಕು.