ಹಿಂದಿನ ಸೀಟಿನವರು

ದಾಸ್ತೊಯೆವ್‌ಸ್ಕಿಯ ‘ದಿ ಗ್ಯಾಂಬ್ಲರ್’ ಓದುವಾಗ ಒಂದು ಪದ ಪದೇ ಪದೇ ಎದುರಾಗುತ್ತಿತ್ತು: ಕ್ರೂಪಿಯೆ. ಜೂಜಿನ ಮೇಜಿನ ಬಳಿ ಕೂತು ಚಕ್ರ ತಿರುಗಿಸುವವನು, ಸೋತವರ ಹಣವನ್ನು ಉದ್ದ ಹಿಡಿಯ ಕೋಲಿನಿಂದ ತನ್ನ ಕಡೆಗೆ ಎಳೆದುಕೊಳ್ಳುವವನು. ಕಣದಲ್ಲಿ ಕಾಳು ಎಳೆಯುತ್ತಾರಲ್ಲ, ಹಾಗೆ. ಮನೆಯಲ್ಲಿದ್ದ ನಿಘಂಟು ತೆಗೆದರೆ ‘ಜೂಜುಕಟ್ಟೆಯಲ್ಲಿ ಹಣ ಬಾಚುವವನು’ ಎಂದಿತ್ತು. ತಪ್ಪೇನಿಲ್ಲ. ಆದರೆ ಪದದ ಅರ್ಧ ಕಥೆ ಅಲ್ಲಿ ಬಿಟ್ಟುಹೋಗಿದೆ.

ಫ್ರೆಂಚಿನಲ್ಲಿ ‘ಕ್ರೂಪ್’ ಎಂದರೆ ಕುದುರೆಯ ಹಿಂಭಾಗ. ಸವಾರನ ಬೆನ್ನಿಗೆ ಅಲ್ಲಿ ಕೂತು ಬರುವವನು ಕ್ರೂಪಿಯೆ. 17ನೆಯ ಶತಮಾನದಲ್ಲಿ ಆ ಹೆಸರು ಜೂಜುಗಾರನ ಬೆನ್ನಿಗೆ ನಿಂತವನಿಗೂ ಬಂತು. ಆತ ಆಟಗಾರನ ಪಾಲುದಾರ. ಗೆದ್ದರೆ ಪಾಲು, ಸೋತರೂ ಪಾಲು. ಆಮೇಲೆ ಅದೇ ಪದ ಮೇಜಿನ ಆಚೆಗೆ ದಾಟಿ ಜೂಜುಕಟ್ಟೆಯ ನೌಕರನಿಗೆ ಅಂಟಿಕೊಂಡಿತು. ಯಾರು ಸೋತರೂ ಅವನ ಗಂಟೇನೂ ಹೋಗುವುದಿಲ್ಲ!

ಇಪ್ಪತ್ತು ವರ್ಷ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತವಳಿಗೆ ಈ ಹಳೆಯ ಅರ್ಥ ತಟ್ಟದೆ ಇರುತ್ತದೆಯೆ? ನಮ್ಮ ಮನೆಯವರು ಸ್ನೇಹಿತರೊಬ್ಬರ ಚೀಟಿಗೆ ಜಾಮೀನು ಹಾಕಿದರು. ನನ್ನನ್ನು ಕೇಳಿರಲಿಲ್ಲ. ಬ್ಯಾಂಕಿನಲ್ಲಿ ಅಡವಿಗೆ ಹೋದದ್ದು ನನ್ನ ನಾಲ್ಕು ಬಳೆ.

ಕಾದಂಬರಿಯಲ್ಲಿ ನನಗೆ ಬಲು ಇಷ್ಟವಾದವಳು ಎಪ್ಪತ್ತೈದರ ಅಜ್ಜಿ. ಇವಳು ಸತ್ತರೆ ಆಸ್ತಿ ಬರುತ್ತದೆಂದು ನೆಂಟರೆಲ್ಲ ತಂತಿಯ ಮೇಲೆ ತಂತಿ ಕಳಿಸಿ ವಿಚಾರಿಸುತ್ತಿದ್ದರೆ, ಕುರ್ಚಿಯಲ್ಲಿ ಹೊರಿಸಿಕೊಂಡು ತಾನೇ ಬಂದು ಇಳಿಯುತ್ತಾಳೆ. ಸೊನ್ನೆಯ ಮೇಲೆ ಹಠ ಹಿಡಿದು ಹಣ ಕಟ್ಟುತ್ತಾಳೆ, ಗೆಲ್ಲುತ್ತಾಳೆ. ಮರಳಿ ಹೋಗಿ ಕಳೆದುಕೊಳ್ಳುತ್ತಾಳೆ. ಅವಳ ಪರವಾಗಿ ಹಣ ಇಡುವವನು ಕಥೆ ಹೇಳುವ ಹುಡುಗ ಅಲೆಕ್ಸಿ. ಹಳೆಯ ಅರ್ಥದ ಕ್ರೂಪಿಯೆ ಅವನೇ ಅಲ್ಲವೆ ಎಂದುಕೊಂಡೆ. ಆದರೆ ಅಜ್ಜಿಯ ನಷ್ಟ ಅವನ ಜೇಬಿಗೆ ತಾಗುವುದಿಲ್ಲ. ಕೊನೆಗೆ ಇನ್ನು ಬರಲಾರೆ ಎಂದು ದೂರ ಸರಿಯುತ್ತಾನೆ. ಆಗ ಅವಳನ್ನು ಮುತ್ತಿಕೊಳ್ಳುವವರು ಕಳ್ಳರು. ಲೇಖಕ ಇಲ್ಲಿ ಅಲೆಕ್ಸಿಯನ್ನು ತೀರ ಸುಲಭವಾಗಿ ಬಿಟ್ಟುಬಿಟ್ಟ ಎಂಬುದು ನನ್ನ ತಕರಾರು.

ಬೆನ್ನಿಗೆ ನಿಂತವರು ಪುಸ್ತಕದ ಹೊರಗಿದ್ದರು. ಸಾಲದಲ್ಲಿ ಮುಳುಗಿದ್ದ ದಾಸ್ತೊಯೆವ್‌ಸ್ಕಿ ಪ್ರಕಾಶಕನ ಗಡುವಿಗೆ ಹೆದರಿ, 1866ರ ಅಕ್ಟೋಬರಿನಲ್ಲಿ ಈ ಕಾದಂಬರಿಯನ್ನು 26 ದಿನಗಳಲ್ಲಿ ಹೇಳಿ ಬರೆಸಿದ. ಬರೆದುಕೊಂಡವಳು ಇಪ್ಪತ್ತು ವರ್ಷದ ಅನ್ನಾ. ಮರುವರ್ಷ ಫೆಬ್ರವರಿಯಲ್ಲಿ ಅವನನ್ನೇ ಮದುವೆಯಾದಳು. ಜೂಜಿನ ಕಥೆಯನ್ನು ಅಷ್ಟೂ ಕೈಯಾರೆ ಬರೆದವಳಿಗೆ ಅವನ ಚಟ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಅದೇ ವರ್ಷ ಬಾಡೆನ್-ಬಾಡೆನ್‌ನಲ್ಲಿ ಅವನು ಆಡಿ ಸೋತಾಗ ಅವಳ ಓಲೆ, ಬ್ರೋಚು, ಮದುವೆಯ ಉಂಗುರ ಎಲ್ಲ ಅಡವಿಗೆ ಹೋದವು. ಬಾಡಿಗೆ ಕೋಣೆಯಲ್ಲಿ ಬಸುರಿ ಹೆಂಡತಿ, ಜೂಜುಕಟ್ಟೆಯಲ್ಲಿ ಗಂಡ. ಆ ದಿನಗಳ ದಿನಚರಿಯನ್ನೂ ಆಕೆ ಶೀಘ್ರಲಿಪಿಯಲ್ಲೇ ಬರೆದಿಟ್ಟಳು. 1871ರಲ್ಲಿ ಅವನು ಆಟ ಬಿಟ್ಟ.

ನಾನು ಓದಿದ ಪ್ರತಿಗೆ ಉದ್ದನೆಯ ಮುನ್ನುಡಿ ಇದೆ. ಅದರಲ್ಲಿ ಅನ್ನಾಳ ಪಾಲಿಗೆ ಬಂದದ್ದು ‘ಶೀಘ್ರಲಿಪಿಗಾರ್ತಿ’ ಎಂಬ ಒಂದೇ ಪದ.