ಕಣ್ಣು ಬಂದವನ ಅಪ್ಪ ಅಮ್ಮ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಪ್ರಾರ್ಥನಾ ಕೂಟಗಳಿಗೆ ಹೋದವರಿಗೆ ‘ಸಾಕ್ಷಿ’ ಗೊತ್ತಿರುತ್ತದೆ. ಹಾಡು ಮುಗಿದ ಮೇಲೆ ಒಬ್ಬರೋ ಇಬ್ಬರೋ ಎದ್ದು, ಮೈಕು ಹಿಡಿದು, ತಾವು ಯೇಸುವನ್ನು ನಂಬಿದ ಬಗೆ ಹೇಳುತ್ತಾರೆ. ತಾಳಮದ್ದಳೆಯ ಒಂದೊಂದು ಅರ್ಥವನ್ನೂ ಮರುದಿನ ಚಹದಂಗಡಿಯಲ್ಲಿ ತೂಗಿ ನೋಡುವ ಸೀಮೆ ಇದು. ಸಾಕ್ಷಿಯನ್ನೂ ಒಂದು ಕಥನ ಪ್ರಕಾರವಾಗಿ ತೂಗಿದರೆ ತಪ್ಪೇನಿಲ್ಲ. ನನ್ನ ತಕ್ಕಡಿಯಲ್ಲಿ ಹೇಳುವವರ ಪ್ರಾಮಾಣಿಕತೆ ತೂಕದ್ದು, ಅವರ ಕೈಗೆ ಕೊಟ್ಟಿರುವ ಅಚ್ಚು ಹಗುರ.

ಆ ಅಚ್ಚು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಮೊದಲು ಕುಡಿತ ಅಥವಾ ಕಾಯಿಲೆ. ಪ್ರಶ್ನೆ ಕೇಳಿಸಿ, ತಾಯಿತ ಕಟ್ಟಿಸಿ, ಹುಬ್ಬಳ್ಳಿಯ ಆಸ್ಪತ್ರೆಗೆ ದುಡ್ಡು ಸುರಿದು ಸೋತದ್ದು. ಆಮೇಲೆ ಪಕ್ಕದ ಮನೆಯ ಅಕ್ಕ ‘ಒಂದ್ಸಲ ಬಂದಾದ್ರೂ ನೋಡು ಮಾರಾಯ’ ಅಂದದ್ದು. ಪ್ರಾರ್ಥನೆ, ಕಣ್ಣೀರು, ‘ಕರ್ತ ಮುಟ್ಟಿದ’. ಕೊನೆಗೆ ಕತ್ತಲೆ ಹೋಗಿ ಬೆಳಕು ಬಂತೆಂಬ ಮಾತು, ಸ್ತೋತ್ರ. ಒಮ್ಮೆ ಒಬ್ಬ ಹೆಂಗಸು, ಮುಸ್ಸಂಜೆಯಾದರೆ ಈಗಲೂ ತನ್ನ ಕೈ ತಾನಾಗಿ ದೇವರ ಗೂಡಿನ ಬೆಂಕಿಪೊಟ್ಟಣ ಹುಡುಕುತ್ತದೆ ಅಂದಳು. ಅಷ್ಟರಲ್ಲಿ ಕೂಟ ನಡೆಸುವವರು ‘ಹಲ್ಲೆಲೂಯ’ ಅಂದು ಮೈಕು ಈಸಿಕೊಂಡರು. ಆ ಸಂಜೆ ಕೇಳಿದ್ದರಲ್ಲಿ ನೆನಪಿಡಬೇಕಾದ ಮಾತು ಅದೊಂದೇ ಆಗಿತ್ತು. ಹಾಗೆಂದು ಈ ಪದ್ಧತಿಯನ್ನು ತಳ್ಳಿಹಾಕಲಾರೆ. ಅಡಿಕೆ ಸುಲಿಯುವ ಹೆಂಗಸಿಗೆ ತನ್ನ ಬದುಕಿನ ಕಥೆ ಹೇಳೆಂದು ಊರಿನಲ್ಲಿ ಬೇರೆ ಯಾರು ಮೈಕು ಕೊಡುತ್ತಾರೆ?

ಸಾಕ್ಷಿ ಹೇಳುವವರು ಮತ್ತೆ ಮತ್ತೆ ನೆನೆಯುವುದು ಯೋಹಾನನ ಸುವಾರ್ತೆಯ 9ನೇ ಅಧ್ಯಾಯದ ಹುಟ್ಟುಕುರುಡನನ್ನು. ಕ್ಯಾಥೊಲಿಕ್ ಇಗರ್ಜಿಗಳಲ್ಲಿ ಮೂರು ವರ್ಷದ ವಾಚನ ಚಕ್ರದ ಮೊದಲ ವರ್ಷ, ತಪಸ್ಸು ಕಾಲದ ನಾಲ್ಕನೇ ಭಾನುವಾರ ಓದುವುದೂ ಇದನ್ನೇ. ಅದರಲ್ಲಿರುವುದು 41 ವಚನ. ಯೇಸು ಉಗುಳಿನಿಂದ ಕೆಸರು ಮಾಡಿ, ಕಣ್ಣಿಗೆ ಹಚ್ಚಿ, ಸಿಲೋವ ಕೊಳದಲ್ಲಿ ತೊಳೆದುಕೋ ಎಂದು ಕಳಿಸಿ, ಅವನಿಗೆ ಕಣ್ಣು ಬರುವುದು ಏಳೇ ವಚನದಲ್ಲಿ ಮುಗಿಯುತ್ತದೆ. ಮಿಕ್ಕ 34 ವಚನ ವಿಚಾರಣೆ, ತಕರಾರು. ಅದರ ಬಹುಪಾಲು ಯೇಸು ಸ್ಥಳದಲ್ಲೇ ಇಲ್ಲ. ವಾಸಿಮಾಡಿದವನು ಎಲ್ಲಿ ಎಂದು ಕೇಳಿದರೆ, ಕಣ್ಣು ಬಂದವನು ಗೊತ್ತಿಲ್ಲ ಅನ್ನುತ್ತಾನೆ. ಮೊದಲು ಅವನ ಪಾಲಿಗೆ ಯೇಸು ಬರೀ ಒಬ್ಬ ಮನುಷ್ಯ, ಸ್ವಲ್ಪ ಹೊತ್ತಿಗೆ ಪ್ರವಾದಿ, ಆಮೇಲೆ ದೇವರ ಕಡೆಯಿಂದ ಬಂದವನು. ನಂಬಿ ಅಡ್ಡಬೀಳುವುದು 38ನೇ ವಚನದಲ್ಲಿ, ಅದೂ ಸಭಾಮಂದಿರದವರು ಅವನನ್ನು ಹೊರಗೆ ಹಾಕಿದ ಮೇಲೆ. ನಡುವೆ ಅವನಿಗೆ ಒಳ್ಳೆಯ ಕೊಂಕೂ ಬರುತ್ತದೆ: ಇಷ್ಟೊಂದು ಕೇಳುತ್ತೀರಲ್ಲ, ನಿಮಗೂ ಅವನ ಶಿಷ್ಯರಾಗುವ ಮನಸ್ಸಿದೆಯೇ ಎಂದು ವಿಚಾರಣೆ ನಡೆಸುವ ಫರಿಸಾಯರನ್ನೇ ಕೆಣಕುತ್ತಾನೆ.

ಹೆತ್ತವರ ಪಾತ್ರ ಇನ್ನೂ ಸೊಗಸು. ಬಹಿಷ್ಕಾರದ ಹೆದರಿಕೆಯಿಂದ ಅವರು ಜಾರಿಕೊಳ್ಳುತ್ತಾರೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ‘ಮಗ ಹೌದು, ಕುರುಡನಾಗಿಯೇ ಹುಟ್ಟಿದ್ದ. ಹೆಂಗೆ ಕಾಣ್ತು ಅನ್ನೋದು ನಮಗೆ ಗೊತ್ತಿಲ್ಲ. ಪ್ರಾಯಕ್ಕೆ ಬಂದವ, ಅವನ್ನೇ ಕೇಳಿ.’ ಪ್ರೀತಿ, ಪುಕ್ಕಲುತನ ಎರಡೂ ಅದರಲ್ಲಿವೆ. ಇಂದಿನ ಸಾಕ್ಷಿಗಳಲ್ಲಿ ಇಂಥ ಅಪ್ಪ ಅಮ್ಮ ಬರುವುದೇ ಇಲ್ಲ. ಬಂದರೂ ಅಡ್ಡಗಾಲು ಹಾಕುವವರಾಗಿ ಬರುತ್ತಾರೆ.

ಮಂಗಳೂರಿನ ಆನಂದರಾವ್ ಕೌಂಡಿನ್ಯರ ಕಥೆಗೂ ಈ ಅಚ್ಚು ಸಾಲದು. ಬಾಸೆಲ್ ಮಿಷನ್‌ನ ಮೊಗ್ಲಿಂಗರ ಶಿಷ್ಯರಾದ ಈ ಸಾರಸ್ವತ ತರುಣ 1844ರಲ್ಲಿ ಇನ್ನಿಬ್ಬರೊಂದಿಗೆ ದೀಕ್ಷಾಸ್ನಾನ ಪಡೆದಾಗ ಊರೇ ಎದ್ದು ನಿಂತಿತು. ಹೆಂಡತಿ ಜೊತೆಗೆ ಬರಲಿಲ್ಲ. ಮುಂದೆ ಅವರು ಬಾಸೆಲ್‌ಗೆ ಹೋಗಿ ಓದಿ ಪಾದ್ರಿಯಾದರು. ಆ ಬೆಳಕಿನ ಬೆಲೆ ತೆತ್ತವರಲ್ಲಿ ಮನೆಯಲ್ಲಿ ಉಳಿದ ಆ ಹೆಣ್ಣುಮಗಳೂ ಒಬ್ಬಳು.

ಯಲ್ಲಾಪುರ, ಹಳಿಯಾಳದ ಕಾಡಂಚಿನ ಸಿದ್ದಿ ಕ್ಯಾಥೊಲಿಕರನ್ನಂತೂ ಈ ಅಚ್ಚಿನಲ್ಲಿ ಕೂರಿಸಲು ಸಾಧ್ಯವೇ ಇಲ್ಲ. ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ತಂದವರು ಇವರ ಪೂರ್ವಿಕರಲ್ಲಿದ್ದರು. ದೀಕ್ಷಾಸ್ನಾನ ಕೊಟ್ಟವರೂ ಬೇಡಿ ಹಾಕಿದವರೂ ಒಂದೇ ಬಾವುಟದವರು. ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರಲ್ಲಿ ಹಲವರು ಒಡೆಯರನ್ನು ಬಿಟ್ಟರೂ ಶಿಲುಬೆಯನ್ನು ಬಿಡಲಿಲ್ಲ. ಹಿರಿಯರ ಪೂಜೆ ಹಿಂದೂ, ಮುಸ್ಲಿಂ, ಕ್ರೈಸ್ತ ಸಿದ್ದಿಗಳೆಲ್ಲರಲ್ಲೂ ಇದೆ. ಇಲ್ಲಿ ಕತ್ತಲೆ ಯಾವುದು, ಬೆಳಕು ಯಾವುದು, ಯಾವ ದಿನ ಕಣ್ಣು ತೆರೆಯಿತು? ಅಜ್ಜಿಯ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಕೇಳುತ್ತಾ ಬೆಳೆದವರ ನಂಬಿಕೆಗೆ ತಾರೀಕು ಇರುವುದಿಲ್ಲ.

ತಾರೀಕಿನ ಹುಚ್ಚು ಕೂಟದವರಿಗೆ ಮಾತ್ರವಲ್ಲ, ಸರ್ಕಾರಕ್ಕೂ ಇದೆ. ಮತಾಂತರವಾಗುವವರು 30 ದಿನ ಮೊದಲೇ ಜಿಲ್ಲಾ ದಂಡಾಧಿಕಾರಿಗೆ ಘೋಷಣೆ ಸಲ್ಲಿಸಬೇಕೆಂದು ಕರ್ನಾಟಕದ 2022ರ ಕಾಯ್ದೆ ಹೇಳಿತು. ಅದನ್ನು ರದ್ದುಮಾಡಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಕಾಯ್ದೆಗೂ ಸಾಕ್ಷಿಗೂ ಹಾವು ಮುಂಗುಸಿಯ ಸಂಬಂಧ ನಿಜ, ಆದರೆ ನಂಬಿಕೆ ಒಂದು ದಿನದ ಘಟನೆ ಎಂಬಲ್ಲಿ ಎರಡೂ ಒಂದೇ. ಯೋಹಾನನ ಕುರುಡ ಆ ಅರ್ಜಿ ತುಂಬಬೇಕಾಗಿದ್ದರೆ ಯಾವ ವಚನದ ದಿನ ಬರೆಯುತ್ತಿದ್ದನೋ!

ಕೂಟ ನಡೆಸುವವರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಮುಂದಿನ ಸಲ 9ನೇ ಅಧ್ಯಾಯ ಓದುವಾಗ ಏಳನೇ ವಚನಕ್ಕೆ ನಿಲ್ಲಿಸದೆ ಪೂರ್ತಿ ಓದಿಸಿ. ಸಾಕ್ಷಿ ಹೇಳುವವರು ‘ಇದು ನನಗಿನ್ನೂ ಗೊತ್ತಿಲ್ಲ’ ಅಂದರೆ ನಡುವೆ ತಡೆಯಬೇಡಿ. ನಂಬದೆ ಉಳಿದ ಮನೆಯವರ ಮಾತನ್ನೂ ಹೇಳಲು ಬಿಡಿ.